ಮೊದಲನೇ ವರ್ಷ ಮನೆಯಲ್ಲೇ

ಎರ್ಲಿಂದಾ ಕೊವರ್ರುಬಿಯಾಸ್ ಕಥೆ ಹೇಳಲು ಬಾಯಿ ತೆರೆದರೆ ಅಲ್ಮೆಂದ್ರಾ ಊರಿನ ಜನ ಮೊದಲು ಕೂರಲು ಜಾಗ ನೋಡಿಕೊಳ್ಳುತ್ತಾರೆ. ಸಂತೆಯಲ್ಲಿ ಈರುಳ್ಳಿ ಕೊಂಡ ಕಥೆಯಾದರೂ ಸರಿ, ಅದು ಅವಳ ಅಜ್ಜನ ಹೇಸರಗತ್ತೆಯಿಂದಲೇ ಶುರುವಾಗಬೇಕು. ಹೇಸರಗತ್ತೆ ಮೆಕ್ಸಿಕೋದ ಗುಡ್ಡ ಇಳಿದು, ಅಜ್ಜನಿಗೆ ಮದುವೆಯಾಗಿ, ಅಪ್ಪ ಹುಟ್ಟಿ, ಗಡಿ ದಾಟಿ, ಫ್ರೆಸ್ನೊ ಕಡೆಯ ಬಾದಾಮಿ ತೋಟಗಳಿಗೆ ಬಂದು ಸೇರುವಷ್ಟರಲ್ಲಿ ಕೇಳುವವರ ಬಸ್ಸು ಬಂದುಬಿಡುತ್ತದೆ. ಈರುಳ್ಳಿಗೆ ಕೊನೆಗೆ ಏನಾಯಿತು ಎಂದು ಊರಿನಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಊರಿನ ಹೈಸ್ಕೂಲಿನ ಅಡುಗೆಮನೆಗೆ ಅವಳು ಇಪ್ಪತ್ತೆಂಟು ವರ್ಷದಿಂದ ಯಜಮಾನಿ. ಬೆಳಗ್ಗೆ ಕಾಳಿನ ಹಂಡೆ ಒಲೆಗೇರಿಸುವುದರಿಂದ ಹಿಡಿದು ಮಧ್ಯಾಹ್ನ ಒಂದೂವರೆಗೆ ಕೊನೆಯ ತಟ್ಟೆ ತೊಳೆದಿಡುವವರೆಗೆ ಅಲ್ಲಿ ನಡೆಯುವುದು ಅವಳ ಮಾತು. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು, ಮಕ್ಕಳಿಬ್ಬರೂ ತಮ್ಮ ತಮ್ಮ ಸಂಸಾರ ಹೂಡಿಕೊಂಡಿದ್ದಾರೆ. ಮನೆಯಲ್ಲಿ ಅವಳು ಮತ್ತು ಎಂಬತ್ಮೂರು ವರ್ಷದ ಅಪ್ಪ ದೊನ್ ಎಲಾದಿಯೊ, ಇಬ್ಬರೇ. ಹಾಗಾಗಿ ಅವಳ ಜೀವವೆಲ್ಲ ಅಡುಗೆಮನೆಯ ಆ ಉದ್ದನೆ ಸಾಲಿನಲ್ಲಿದೆ. ಸಾಲಿನಲ್ಲಿ ಸಂಕೋಚಪಟ್ಟು ಹಿಂದೆ ನಿಂತವರನ್ನು ಹೆಸರು ಹಿಡಿದು ಕರೆಯುತ್ತಾಳೆ, "ಮುಂದೆ ಬಾರೇ, ಅಲ್ಲೇನು ಗೋಡೆ ಬೀಳುತ್ತೆ ಅಂತ ಹಿಡ್ಕೊಂಡಿದೀಯಾ?" ಎಂದು ಗದರುತ್ತಾಳೆ. ಅವಳ ಅಡುಗೆಮನೆಯ ಕಾನೂನು ಒಂದೇ. ಕೊನೆಯ ಮಗುವಿನ ತಟ್ಟೆ ತುಂಬುವವರೆಗೆ ಏಪ್ರನ್ ಕಟ್ಟಿದ ಯಾರೂ ಒಂದು ಅಗುಳು ಬಾಯಿಗೆ ಹಾಕಬಾರದು. ಬಡಿಸುವವಳಿಗೆ ಕೊನೆಯ ಸರದಿ. ಇದು ತೋಟದಲ್ಲಿ ಕೊಯ್ಲಿನ ಆಳುಗಳಿಗೆ ಅಡುಗೆ ಮಾಡುತ್ತಿದ್ದ ಅವಳ ತಾಯಿಯಿಂದ ಬಂದದ್ದು. ಈ ಕಾನೂನೇ ಮುಂದೆ ಅವಳನ್ನು ಎಲ್ಲಿ ತಂದು ಕೂರಿಸಿತು ಎನ್ನುವುದು ಈಗ ಹೇಳಹೊರಟಿರುವ ಕಥೆ.

ಅವಳಿಗೆ ಆಗದ ವಸ್ತು ಲೋಕದಲ್ಲಿ ಒಂದೇ ಒಂದಿತ್ತು. ತಿಂಗಳಿಗೊಮ್ಮೆ ಮೇಲಿನ ಕಚೇರಿಯಿಂದ ಬರುವ ಊಟದ ಪಟ್ಟಿ. ಸೋಮವಾರ ಹಸಿ ಬ್ರಾಕೊಲಿ, ಬುಧವಾರ ಸಪ್ಪೆ ಕೋಳಿ, ಕೆಳಗೆ ಒಂದು ಸೊಟ್ಟ ಸಹಿ. ಬ್ರಾಕೊಲಿ ತಟ್ಟೆಗೆ ಹೋದ ಹಾಗೆಯೇ ಕಸದ ಡಬ್ಬಿಗೆ ಬರುವುದನ್ನು ಅವಳು ಇಪ್ಪತ್ತೆಂಟು ವರ್ಷ ನೋಡಿದ್ದಳು. ಅದನ್ನೇ ಸ್ವಲ್ಪ ಸುಟ್ಟು, ನಿಂಬೆ ಹಿಂಡಿ, ಖಾರದಪುಡಿ ಉದುರಿಸಿದರೆ ಮಕ್ಕಳು ತಟ್ಟೆ ನೆಕ್ಕುತ್ತಾರೆ ಎಂದು ಮೇಲಿನವರಿಗೆ ಹೇಳಿ ಹೇಳಿ ಅವಳ ನಾಲಿಗೆ ಒಣಗಿತ್ತು. ಒಂದು ಸಲ ತಪಾಸಣೆಗೆ ಬಂದ ಹೆಂಗಸು ಮೂಗು ಮುರಿದು, "ಪಟ್ಟಿ ಬದಲಾಯಿಸ್ಬೇಕು ಅಂದ್ರೆ ಸಹಿ ಮಾಡೋಳು ನೀವಾಗ್ಬೇಕು. ಸಹಿ ಮಾಡೋಕೆ ಆಹಾರಶಾಸ್ತ್ರದಲ್ಲಿ ನಾಲ್ಕು ವರ್ಷದ ಡಿಗ್ರಿ ಬೇಕು," ಎಂದಳು. ಎರ್ಲಿಂದಾ ಆ ದಿನ ಮನೆಗೆ ಬಂದು ಯಾರಿಗೂ ಯಾವ ಕಥೆಯನ್ನೂ ಹೇಳಲಿಲ್ಲ. ಅಪ್ಪ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದರು.

ಡಿಗ್ರಿ ಎಂಬ ಮಾತು ಆ ಮನೆಯಲ್ಲಿ ಮೂವತ್ಮೂರು ವರ್ಷದಿಂದ ಯಾರೂ ಎತ್ತಿರಲಿಲ್ಲ.

ಎರ್ಲಿಂದಾಗೆ ಹದಿನೆಂಟು ವರ್ಷವಾಗಿದ್ದಾಗ ರಾಜ್ಯದ ವಿಶ್ವವಿದ್ಯಾಲಯದಿಂದ ಮನೆಗೆ ಕಾಗದ ಬಂದಿತ್ತು. ಸೀಟು ಸಿಕ್ಕಿದೆ, ಬಡ ಮಕ್ಕಳಿಗೆ ರಾಜ್ಯ ಕೊಡುವ ಸಹಾಯಧನವೂ ಸಿಕ್ಕಿದೆ. ದೊನ್ ಎಲಾದಿಯೊ ಆಡು ಕಡಿದರು, ಬೀದಿಗೆಲ್ಲ ಸಾರು ಬಡಿಸಿದರು, ಯಾರೋ ಅಕಾರ್ಡಿಯನ್ ತಂದರು. ಎರಡು ವಾರ ಕಳೆದು ಇನ್ನೊಂದು ಕಾಗದ ಬಂತು, ನಿಯಮಗಳ ಕಾಗದ. ಮೊದಲ ವರ್ಷ ಪುಸ್ತಕಕ್ಕೂ ಬಸ್ಸಿಗೂ ಒಂದಿಷ್ಟು ಕೊಡುತ್ತೇವೆ, ಕಾಲೇಜಿನ ಫೀಸನ್ನು ಮಾತ್ರ ಎರಡನೇ ವರ್ಷದಿಂದ ಕೊಡುತ್ತೇವೆ ಎಂದಿತ್ತು. ಯಾವ ಮಹಾನುಭಾವ ಬರೆದ ನಿಯಮವೋ! ಬಡವರ ಮಕ್ಕಳಿಗೆ ಮೊದಲ ವರ್ಷ ಫೀಸು ಎಲ್ಲಿಂದಲೋ ಉದುರುತ್ತದೆ ಎಂದು ಅವನಿಗೆ ಯಾರು ಹೇಳಿದ್ದರೋ. ಆಡಿನ ಸಾರಿನ ಹಂಡೆ ತೊಳೆದಿಟ್ಟಿದ್ದು ಇನ್ನೂ ಪೂರ್ತಿ ಒಣಗಿರಲಿಲ್ಲ, ಅಷ್ಟರಲ್ಲಿ ಮನೆಯ ಮುಖವೇ ಬದಲಾಯಿತು.

ದೊನ್ ಎಲಾದಿಯೊ ಮೂರು ದಿನ ಯೋಚಿಸಿದರು. ಅವರದು ಬಾದಾಮಿ ತೋಟದ ಬುದ್ಧಿ. ಬಾದಾಮಿ ಸಸಿಯನ್ನು ಮೊದಲ ವರ್ಷ ನರ್ಸರಿಯಲ್ಲಿ ಬೆಳೆಸುತ್ತಾರೆ, ಎರಡನೇ ವರ್ಷ ತಂದು ತೋಟದಲ್ಲಿ ನೆಡುತ್ತಾರೆ. ತೋಟದವನು ಮೊದಲ ವರ್ಷದ ಗೋಜಿಗೇ ಹೋಗುವುದಿಲ್ಲ. ಸರ್ಕಾರದ ನಿಯಮವೂ ಇದೇ ಇರಬೇಕು ಎಂದು ಅವರಿಗೆ ಥಟ್ಟನೆ ಹೊಳೆಯಿತು. ನಾಲ್ಕನೆಯ ದಿನ ಒಗೆದ ಅಂಗಿ ತೊಟ್ಟು, ಮಗಳನ್ನು ಕರೆದುಕೊಂಡು ವಿಶ್ವವಿದ್ಯಾಲಯದ ಕಚೇರಿಗೆ ಹೋದರು. ಅವರಿಗೆ ಇಂಗ್ಲಿಷ್ ಬಾರದು. ಅವರು ಸ್ಪ್ಯಾನಿಷಿನಲ್ಲಿ ಹೇಳಿದ್ದನ್ನು ಮಗಳು ಇಂಗ್ಲಿಷಿನಲ್ಲಿ ಹೇಳಬೇಕು.

"ಸ್ವಾಮೀ, ನನ್ನ ಮಗಳನ್ನ ನೇರವಾಗಿ ಎರಡನೇ ವರ್ಷಕ್ಕೆ ಹಾಕ್ಕೊಳ್ಳಿ. ಮೊದಲನೇ ವರ್ಷ ನಾವು ಮನೇಲೇ ಓದಿಸ್ತೀವಿ."

ಕಿಟಕಿಯ ಆಚೆ ಕೂತಿದ್ದ ಗುಮಾಸ್ತ ನಕ್ಕ. ಪಕ್ಕದವನನ್ನು ಕರೆದು, ಇನ್ನೊಮ್ಮೆ ಹೇಳಮ್ಮ ಎಂದ. ಅವನೂ ನಕ್ಕ. ಎರ್ಲಿಂದಾ ನಾಚಿಕೆಯಿಂದ ಏನು ಮಾಡಬೇಕೋ ತಿಳಿಯದೆ ಅವರ ಜೊತೆ ತಾನೂ ನಕ್ಕುಬಿಟ್ಟಳು. ಅಪ್ಪ ಮಗಳ ಮುಖವನ್ನೊಮ್ಮೆ ನೋಡಿ ಹ್ಯಾಟು ತಲೆಗಿಟ್ಟುಕೊಂಡು ಹೊರಗೆ ನಡೆದರು. ಊರಿಗೆ ಬಂದ ಮೇಲೆ ಇವಳ ಬಾಯಿ ಸುಮ್ಮನಿರಬೇಕಲ್ಲ. ಒಬ್ಬಳೇ ಒಬ್ಬ ಗೆಳತಿಗೆ ಹೇಳಿದಳು. ಭಾನುವಾರದ ಹೊತ್ತಿಗೆ ಕ್ಷೌರದಂಗಡಿಯಲ್ಲಿ ದೊನ್ ಎಲಾದಿಯೊಗೆ "ಎರಡನೇ ವರ್ಷದ ಎಲಾದಿಯೊ" ಎಂದು ಹೆಸರು ಬಿದ್ದಿತ್ತು. ಕೊರಳಿಗೆ ಬಿದ್ದ ಕುಣಿಕೆಯಂತೆ ಆ ಹೆಸರು ಅವರನ್ನು ಮೂವತ್ಮೂರು ವರ್ಷ ಬಿಡಲಿಲ್ಲ. ಅವರು ಯಾರ ಮೇಲೂ ರೇಗಲಿಲ್ಲ, ಬೇರೆ ಕ್ಷೌರದಂಗಡಿಗೆ ಹೋಗತೊಡಗಿದರು, ಅಷ್ಟೇ. ಕಾಲೇಜಿಗೆ ಹೋಗಬೇಕಿದ್ದ ಮಗಳು ಮೊದಲು ತಾಯಿಯ ಜೊತೆ ತೋಟದ ಅಡುಗೆಗೆ, ಕೆಲವು ವರ್ಷದ ಮೇಲೆ ಶಾಲೆಯ ಅಡುಗೆಮನೆಗೆ ಹೋದಳು. ಊರಿನ ಎಲ್ಲರ ಕಥೆಯನ್ನೂ ಹೇಳುವ ಎರ್ಲಿಂದಾ ಆ ಒಂದು ಕಥೆಯನ್ನು ಮಾತ್ರ ಅಂದಿನಿಂದ ಯಾವತ್ತೂ ಬಾಯಿಗೆ ತರಲಿಲ್ಲ.

ಈಗ ಐವತ್ತೊಂದನೆಯ ವಯಸ್ಸಿನಲ್ಲಿ ಅವಳ ಏಪ್ರನ್ನಿನ ಜೇಬಿನಲ್ಲಿ ಮತ್ತೊಂದು ಕಾಗದವಿತ್ತು. ಅದೇ ವಿಶ್ವವಿದ್ಯಾಲಯ, ಆಹಾರಶಾಸ್ತ್ರ, ಮಧ್ಯಾಹ್ನದ ತರಗತಿಗಳು, ಮೊದಲನೇ ವರ್ಷ. ಅರ್ಜಿ ತುಂಬಿಸಿದ್ದು ಶಾಲೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿಗೆ ದಾರಿ ಹೇಳುವ ಅರ್ರಿಯೋಲಾ ಮೇಡಂ. ಅವರಿಬ್ಬರನ್ನು ಬಿಟ್ಟರೆ ಮೂರನೆಯವರಿಗೆ ವಿಷಯ ಗೊತ್ತಿರಲಿಲ್ಲ. ಸಹಾಯಧನವೂ ಸಿಕ್ಕಿತ್ತು. ನಿಯಮವೂ ಅದೇ ಇತ್ತು! ಮೂವತ್ಮೂರು ವರ್ಷದಲ್ಲಿ ಜಗತ್ತಿನಲ್ಲಿ ಏನೇನೋ ಬದಲಾಗಿತ್ತು, ಆ ಒಂದು ಸಾಲನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಆಗಸ್ಟಿನಲ್ಲಿ ಫೀಸು ಕಟ್ಟದಿದ್ದರೆ ಸೀಟು ಎರಡನೆಯ ಸಲ ಕೈ ಬಿಟ್ಟುಹೋಗುತ್ತದೆ. ಕೂಡಿಸಿ ಕಟ್ಟಬಹುದಲ್ಲ ಎನ್ನುವವರು ಶಾಲೆಯವರು ಕೊಡುವ ಹತ್ತು ತಿಂಗಳ ಸಂಬಳದಲ್ಲಿ ಹನ್ನೆರಡು ತಿಂಗಳು ಉಂಡು ತೋರಿಸಲಿ.

"ಒಂದು ಮಸೂದೆ ಬಂದಿದೆ," ಎಂದಿದ್ದರು ಅರ್ರಿಯೋಲಾ ಮೇಡಂ. "ಮೊದಲನೇ ವರ್ಷದ ಫೀಸೂ ಸರ್ಕಾರವೇ ಕೊಡ್ಬೇಕು ಅಂತ. ಪಾಸಾದ್ರೆ ಈ ವರ್ಷದಿಂದಲೇ. ಏಪ್ರಿಲ್‌ನಲ್ಲಿ ರಾಜಧಾನೀಲಿ ಶಾಸನಸಭೆ ಸಮಿತಿ ಮುಂದೆ ಬರುತ್ತೆ, ನಾವು ಬಸ್ ಮಾಡ್ಕೊಂಡು ಹೋಗ್ತಿದೀವಿ. ನೀವೂ ಬನ್ನಿ. ಆದ್ರೆ ದಯವಿಟ್ಟು..."

"ದಯವಿಟ್ಟು ಏನು?"

"ಕಥೆ ಬೇಡ."

ಬಸ್ಸಿನಲ್ಲಿ ನಲವತ್ತು ಜನ. ಈ ವರ್ಷ ಹೈಸ್ಕೂಲು ಮುಗಿಸುವ ಹುಡುಗಿಯರು, ಹುಡುಗರು, ಅವರ ಅಪ್ಪ ಅಮ್ಮಂದಿರು, ಅಡುಗೆಮನೆಯ ಮೂವರು ಹೆಂಗಸರು. ರಾಜಧಾನಿಯ ಗುಮ್ಮಟ ನೋಡಬೇಕೆಂದು ಹಟ ಹಿಡಿದು ದೊನ್ ಎಲಾದಿಯೊ ಕೂಡ ಹೊರಟಿದ್ದರು. ಇದು ಏನು ಮಸೂದೆ, ಮಗಳ ಜೇಬಿನಲ್ಲಿ ಏನಿದೆ, ಅವರಿಗೇನೂ ತಿಳಿಯದು. ಎರ್ಲಿಂದಾ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆಗಳನ್ನು ಎರಡು ದೊಡ್ಡ ಡಬ್ಬಿ ತುಂಬಿಕೊಂಡು ಬಂದಿದ್ದಳು. ಬಸ್ಸು ಹೆದ್ದಾರಿ ಹತ್ತುವ ಮುಂಚೆಯೇ ಒಂದು ಡಬ್ಬಿ ಖಾಲಿ.

ಅರ್ರಿಯೋಲಾ ಮೇಡಂ ಮೈಕು ಹಿಡಿದು ಎಲ್ಲರಿಗೂ ಪಾಠ ಹೇಳಿದರು. ಸಮಿತಿಯಲ್ಲಿ ಮಸೂದೆಯ ಪರ ಇಬ್ಬರು, ವಿರುದ್ಧ ಇಬ್ಬರು ಮಾತ್ರ ಕುರ್ಚಿಯಲ್ಲಿ ಕೂತು ಎರಡೆರಡು ನಿಮಿಷ ಮಾತಾಡಬಹುದು. ಪರ ಮಾತಾಡುವವರು ಆಗಲೇ ಗೊತ್ತಾಗಿದ್ದಾರೆ. ಉಳಿದವರು ಸಾಲಿನಲ್ಲಿ ಬಂದು ನಿಂತು ಮೂರೇ ಮಾತು ಹೇಳಬೇಕು. ಹೆಸರು, ಊರು, ಬೆಂಬಲ. ನಾಲ್ಕನೆಯ ಮಾತು ಆಡಿದರೆ ಅಧ್ಯಕ್ಷೆ ಮೈಕು ನಿಲ್ಲಿಸಿಬಿಡುತ್ತಾರೆ.

ಬಸ್ಸಿನ ಅಷ್ಟೂ ತಲೆಗಳು ಎರ್ಲಿಂದಾ ಕಡೆ ತಿರುಗಿದವು.

"ಏನ್ ನೋಡ್ತೀರಾ? ನನಗೆ ಮೂರು ಮಾತು ಆಡೋಕೆ ಬರಲ್ವಾ?"

"ಮೂರು ಮಾತಾ? ಅಕ್ಕಾ, ನಿಮ್ಮ ಹೇಸರಗತ್ತೆಗೆ ತಡಿ ಹಾಕೋಕೇ ಮೂರು ದಿನ ಬೇಕು," ಎಂದ ಸ್ಟಿಯರಿಂಗಿನ ಮುಂದಿದ್ದ ಫೆರ್ಮಿನ್. ಶಾಲೆಯ ಬಸ್ಸು ಓಡಿಸುವವನು, ಎರ್ಲಿಂದಾಳ ಬೀದಿಯವನೇ. ಅವನ ಮೀಸೆ ಊರಿನಲ್ಲಿ ಅವನಿಗಿಂತ ಹೆಸರುವಾಸಿ. "ನಿಮ್ಮದೊಂದು ಕಥೆ ಮುಗಿದದ್ದು ನಾನು ನೋಡಿದ ದಿನ ಈ ಮೀಸೆ ಬೋಳಿಸ್ತೀನಿ. ಎಲ್ಲರೂ ಸಾಕ್ಷಿ."

"ಬ್ಲೇಡು ಹುಡುಕಿಟ್ಕೊ. ಪಾಪ, ಅದರ ಕೆಳಗೆ ತುಟಿ ಇದೆಯೋ ಇಲ್ವೋ ನಿನ್ನ ಹೆಂಡತಿಗೂ ಗೊತ್ತಾಗ್ಲಿ."

ಬಸ್ಸೆಲ್ಲ ಗೊಳ್ಳೆಂದಿತು. ದೊನ್ ಎಲಾದಿಯೊ ಕಿಟಕಿಯಾಚೆ ಬಾದಾಮಿ ತೋಟಗಳ ಸಾಲು ನೋಡುತ್ತ, ಈ ಮರ ಎಷ್ಟನೇ ವರ್ಷದ್ದು, ಆ ಮರ ಎಷ್ಟನೇ ವರ್ಷದ್ದು ಎಂದು ತಮ್ಮಷ್ಟಕ್ಕೆ ಗುನುಗುತ್ತಿದ್ದರು. ಎರ್ಲಿಂದಾ ಜೇಬು ಮುಟ್ಟಿ ನೋಡಿಕೊಂಡಳು. ಹೆಸರು, ಊರು, ಬೆಂಬಲ. ಹೆಸರು, ಊರು, ಬೆಂಬಲ. ನಾಲ್ಕು ಗಂಟೆಯ ದಾರಿಯುದ್ದಕ್ಕೂ ಜಪ ಮಾಡಿದಳು.

ಸಮಿತಿಯ ಕೋಣೆಯಲ್ಲಿ ಅವಳು ಎಲ್ಲವನ್ನೂ ಸರಿಯಾಗಿಯೇ ಮಾಡಬೇಕೆಂದಿದ್ದಳು. ಆದರೆ ಸಾಲು ಕಂಡರೆ ಅವಳ ಕೈಕಾಲು ತಾವಾಗಿಯೇ ಅಡುಗೆಮನೆಗೆ ಹೋಗಿಬಿಡುತ್ತವೆ. ಮೈಕಿನ ಮುಂದೆ ಸಾಲು ಕಟ್ಟುತ್ತಿದ್ದಂತೆ ಅವಳು ಪಕ್ಕಕ್ಕೆ ಸರಿದು ನಿಂತು, "ಹೋಗಮ್ಮ ಮುಂದೆ, ಹೋಗು. ಹೆದರಬೇಡ, ಹೆಸರು ಹೇಳು ಸಾಕು. ನೀನೂ ನಡಿಯಪ್ಪ," ಎಂದು ಒಬ್ಬೊಬ್ಬರನ್ನೇ ತಳ್ಳತೊಡಗಿದಳು. ಅಲ್ಮೆಂದ್ರಾದವರು ಮುಗಿದರು. ಬೇರೆ ಊರುಗಳಿಂದ ಬಂದವರು ಹಿಂದಿನಿಂದ ಸೇರಿಕೊಂಡರು, ಅವರನ್ನೂ ಮುಂದೆ ಬಿಟ್ಟಳು. ಕೋಟು ತೊಟ್ಟ ಯಾರೋ ದೊಡ್ಡ ಮನುಷ್ಯನನ್ನು ಕೂಡ ಬೆನ್ನು ಮುಟ್ಟಿ ಮುಂದೆ ಕಳಿಸಿದಳು. ಎಲ್ಲರೂ ಮೂರು ಮಾತು ಹೇಳಿ ಹೋದರು. ಕೊನೆಯ ತಟ್ಟೆ ತುಂಬಿತು ಎಂಬಂತೆ ಅವಳು ಕೈ ಒರೆಸಿಕೊಂಡು ಮೈಕಿನ ಕಡೆ ಹೊರಟ ಹೊತ್ತಿಗೆ ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು, "ಬೆಂಬಲದವರು ಮುಗಿದರು. ಈಗ ಮಸೂದೆಯನ್ನು ವಿರೋಧಿಸುವವರು ಯಾರಾದರೂ ಇದ್ದರೆ ಬರಬಹುದು," ಎಂದು ಹೇಳಿಯಾಗಿತ್ತು.

ಅವಳಿಗೆ ಅದು ಕೇಳಲಿಲ್ಲ. ಬಾಯಲ್ಲಿ ಜಪ ನಡೆದಿತ್ತು.

ಒಬ್ಬ ಸಿಬ್ಬಂದಿ ಬಂದು ಬಹಳ ಮರ್ಯಾದೆಯಿಂದ ಅವಳನ್ನು ಮೇಜಿನ ಮುಂದಿನ ಕುರ್ಚಿಗೆ ಕರೆದೊಯ್ದ. ಒಂದು ಲೋಟ ನೀರು ಇಟ್ಟ. ಎರ್ಲಿಂದಾ ಕೂತಳು. ಉಳಿದವರೆಲ್ಲ ನಿಂತು ಹೇಳಿದ್ದನ್ನು ತನಗೆ ಮಾತ್ರ ಕೂರಿಸಿ ಕೇಳುತ್ತಿದ್ದಾರಲ್ಲ, ಬಿಳಿ ಕೂದಲಿಗೆ ಇಲ್ಲಿ ಎಷ್ಟು ಗೌರವ ಎಂದುಕೊಂಡಳು. ಹಿಂದೆ ಅಲ್ಮೆಂದ್ರಾದ ನಲವತ್ತು ಜನ ಉಸಿರು ಬಿಗಿಹಿಡಿದಿದ್ದರು. ಅರ್ರಿಯೋಲಾ ಮೇಡಂ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು.

"ನೀವು ಮಸೂದೆಯನ್ನ ವಿರೋಧಿಸ್ತೀರಾ, ಮೇಡಂ?" ಎಂದರು ಅಧ್ಯಕ್ಷೆ.

"ಅಯ್ಯೋ ದೇವರೇ, ನಾನ್ಯಾಕೆ ವಿರೋಧಿಸ್ಲಿ!"

"ಮತ್ತೆ ವಿರೋಧಿಗಳ ಕುರ್ಚೀಲಿ ಕೂತಿದೀರಲ್ಲ?"

ಎರ್ಲಿಂದಾ ಕುರ್ಚಿಯನ್ನು ನೋಡಿದಳು, ನೀರಿನ ಲೋಟ ನೋಡಿದಳು, ತಿರುಗಿ ತನ್ನವರನ್ನು ನೋಡಿದಳು. ಆಗಿದ್ದೇನೆಂದು ತಿಳಿದು ಅವಳ ಕಿವಿ ಕೆಂಪಾಯಿತು. "ನಾನು ಶಾಲೆ ಅಡುಗೆಯವಳು ಮೇಡಂ," ಎಂದಳು. "ಎಲ್ಲರಿಗೂ ಆದ್ಮೇಲೇ ನಂದು. ಎಲ್ಲರನ್ನೂ ಮುಂದೆ ಬಿಡೋಷ್ಟರಲ್ಲಿ ನೀವು ಒಲೆ ಆರಿಸಿಬಿಟ್ರಿ."

ಸಮಿತಿಯ ಸದಸ್ಯರು ನಕ್ಕರು. ಬೆಳಗಿನಿಂದ ಮುಖ ಗಂಟಿಕ್ಕಿಕೊಂಡು ಕೂತಿದ್ದ ಒಬ್ಬ ಹಿರಿಯರೂ ನಕ್ಕರು. ಅಧ್ಯಕ್ಷೆ ಕಾಗದಗಳನ್ನು ತಿರುವಿ, "ವಿರೋಧಕ್ಕೆ ಬೇರೆ ಯಾರೂ ಹೆಸರು ಕೊಟ್ಟಿಲ್ಲ. ಎರಡು ನಿಮಿಷ ಖಾಲಿ ಇದೆ. ನೀವು ವಿರೋಧಿಸೋದು ಏನಾದ್ರೂ ಇದ್ದರೆ ಹೇಳಬಹುದು. ಇಲ್ಲದಿದ್ರೆ ಎದ್ದು ಹೋಗಬಹುದು," ಎಂದರು.

ಎದ್ದು ಹೋಗುವುದು ಸುಲಭವಿತ್ತು. ಅವಳು ಎರಡು ಕೈ ಮೇಜಿನ ಮೇಲೆ ಊರಿ ಅರ್ಧ ಎದ್ದೂ ಇದ್ದಳು. ಜೇಬಿನಲ್ಲಿ ಕಾಗದ ಸದ್ದು ಮಾಡಿತು. ಮತ್ತೆ ಕೂತಳು.

"ಇದೆ ಮೇಡಂ. ಈಗಿರೋ ನಿಯಮವನ್ನ ವಿರೋಧಿಸ್ತೀನಿ."

ಮೇಜಿನ ಮೇಲೆ ಎರಡು ನಿಮಿಷದ ಲೆಕ್ಕ ಹಿಡಿಯುವ ಹಸಿರು ದೀಪ ಹೊತ್ತಿಕೊಂಡಿತು. ಹಿಂದಿನ ಸಾಲಿನಲ್ಲಿ ಫೆರ್ಮಿನ್, "ಬಂತು ಹೇಸರಗತ್ತೆ," ಎಂದು ಮೆಲ್ಲಗೆ ನರಳಿದ. ಹೇಸರಗತ್ತೆ ಬರಲಿಲ್ಲ.

"ನನಗೆ ಹದಿನೆಂಟು ವರ್ಷ ಇದ್ದಾಗ ಇದೇ ಸಹಾಯಧನ ಸಿಕ್ಕಿತ್ತು. ಫೀಸು ಎರಡನೇ ವರ್ಷದಿಂದ ಅಂತ ಬರ್ದಿದ್ರು. ನಮ್ಮಪ್ಪ ಬಾದಾಮಿ ತೋಟದಲ್ಲಿ ಕೆಲಸ ಮಾಡೋರು. ಸಸೀನ ಮೊದಲ ವರ್ಷ ಬೇರೆ ಕಡೆ ಬೆಳೆಸಿ ಎರಡನೇ ವರ್ಷ ತೋಟಕ್ಕೆ ತರ್ತಾರೆ. ಅದಕ್ಕೆ ಅವರು ನನ್ನನ್ನ ಕಾಲೇಜಿನ ಕಚೇರಿಗೆ ಕರ್ಕೊಂಡು ಹೋಗಿ, ಹ್ಯಾಟು ತಲೆ ಮೇಲಿಟ್ಕೊಂಡು ಗತ್ತಿಂದ ಹೇಳಿದ್ರು. ಇವಳನ್ನ ನೇರ ಎರಡನೇ ವರ್ಷಕ್ಕೆ ಹಾಕ್ಕೊಳ್ಳಿ, ಮೊದಲನೇ ವರ್ಷ ನಾವು ಮನೇಲೇ ಓದಿಸ್ತೀವಿ ಅಂತ. ಇಂಗ್ಲಿಷಿಗೆ ತಿರುಗಿಸಿದವಳು ನಾನು. ಅಲ್ಲಿದ್ದೋರು ನಕ್ರು. ನಾನೂ ನಕ್ಕೆ. ಊರಿಗೆ ಹೋಗಿ ಹೇಳಿದೆ, ಊರೂ ನಕ್ಕಿತು. ಇವತ್ತಿಗೂ ನಗ್ತಾರೆ."

ಹಳದಿ ದೀಪ ಹೊತ್ತಿತು.

"ಮೂವತ್ಮೂರು ವರ್ಷ ಯೋಚನೆ ಮಾಡಿದೀನಿ ಮೇಡಂ. ನಮ್ಮಪ್ಪ ಹೇಳಿದ್ರಲ್ಲಿ ನಗೋದು ಏನಿತ್ತು? ಮೊದಲನೇ ವರ್ಷಕ್ಕೆ ಕೊಡಲ್ಲ, ಎರಡನೇ ವರ್ಷಕ್ಕೆ ಕೊಡ್ತೀವಿ ಅಂದಿದ್ದು ನೀವು. ಹಾಗಾದ್ರೆ ಮೊದಲನೇ ವರ್ಷ ಎಲ್ಲಿ ಓದ್ಬೇಕು ಅಂತ ಕೇಳಿದ್ದು ಅವರೊಬ್ರೇ. ನಗಬೇಕಾಗಿದ್ದು ನಿಯಮ ನೋಡಿ. ನಾವು ನಕ್ಕಿದ್ದು ಅವರನ್ನ ನೋಡಿ. ಈಗ ನನಗೆ ಐವತ್ತೊಂದು. ಅದೇ ಕಾಲೇಜು ಮತ್ತೆ ಸೀಟು ಕೊಟ್ಟಿದೆ, ಈ ಆಗಸ್ಟಿಗೆ. ಕಾಗದ ಇಲ್ಲಿದೆ ನೋಡಿ. ನಿಯಮಾನೂ ಅದೇ ಇದೆ. ನಮ್ಮಪ್ಪ ಹೇಳಿದ ಹಾಗೆ ಮೊದಲನೇ ವರ್ಷ ಮನೇಲೇ ಓದಿದೀನಿ ಮೇಡಂ, ಮೂವತ್ಮೂರು ವರ್ಷ ಓದಿದೀನಿ. ಸಾಕು. ಎರ್ಲಿಂದಾ ಕೊವರ್ರುಬಿಯಾಸ್, ಅಲ್ಮೆಂದ್ರಾ, ಬೆಂಬಲ."

ಕೆಂಪು ದೀಪ ಹೊತ್ತಿತು. ಅವಳ ಬಾಯಿ ಅದಕ್ಕಿಂತ ಮುಂಚೆಯೇ ಮುಚ್ಚಿತ್ತು.

ಮತ ಹಾಕುವಾಗ ಸಮಿತಿಯಲ್ಲಿ ಒಬ್ಬರೂ ಬೇಡವೆನ್ನಲಿಲ್ಲ. ಅವಳ ಮಾತು ಕೇಳಿಯೇ ಹಾಗಾಯಿತು ಎಂದು ಅಲ್ಮೆಂದ್ರಾದಲ್ಲಿ ಹೇಳುತ್ತಾರೆ. ಅವರು ಮೊದಲೇ ಮನಸ್ಸು ಮಾಡಿದ್ದಿರಬಹುದು, ಯಾರು ಕಂಡವರು. ಎರ್ಲಿಂದಾ ಮತ ಎಣಿಸಲಿಲ್ಲ. ಅವಳು ಕೋಣೆಯ ಹಿಂದಿನ ಸಾಲಿನಲ್ಲಿ ಅಪ್ಪನ ಮುಖ ಹುಡುಕುತ್ತಿದ್ದಳು. ಅವರು ಎದ್ದು ಹೊರಗೆ ಹೋಗಿದ್ದರು.

ಹುಲ್ಲುಹಾಸಿನ ಬೆಂಚಿನ ಮೇಲೆ ಕೂತಿದ್ದರು. ಆವತ್ತು ಕಚೇರಿಯಲ್ಲಿ ಅವಳು ನಕ್ಕಾಗಲೂ ಅಪ್ಪ ಹೀಗೇ ಹೊರಗೆ ನಡೆದಿದ್ದರು. ಹೋಗಿ ಪಕ್ಕದಲ್ಲಿ ಕೂತಳು. ಅವಳು ಒಳಗೆ ಇಂಗ್ಲಿಷಿನಲ್ಲಿ ಆಡಿದ್ದನ್ನೆಲ್ಲ ಅರ್ರಿಯೋಲಾ ಮೇಡಂ ಅಪ್ಪನ ಕಿವಿಯಲ್ಲಿ ಸ್ಪ್ಯಾನಿಷಿಗೆ ತಿರುಗಿಸಿ ಹೇಳಿದ್ದರು.

"ಹ್ಯಾಟು ತಲೆ ಮೇಲಿರಲಿಲ್ಲ," ಎಂದರು ದೊನ್ ಎಲಾದಿಯೊ.

"ಏನಪ್ಪಾ?"

"ಆವತ್ತು ಕಚೇರೀಲಿ. ಹ್ಯಾಟು ಕೈಯಲ್ಲಿ ಹಿಡ್ಕೊಂಡಿದ್ದೆ. ದೊಡ್ಡೋರ ಮುಂದೆ ಹ್ಯಾಟು ಹಾಕ್ಕೊಂಡು ಮಾತಾಡೋ ಮನುಷ್ಯನಾ ನಾನು? ಕಥೆ ಹೇಳೋದಾದ್ರೆ ಸರಿಯಾಗಿ ಹೇಳು."

ಅವಳು ಅಳುತ್ತ ನಗತೊಡಗಿದಳು. ಮುದುಕ ಜೇಬಿನಿಂದ ಕರವಸ್ತ್ರ ತೆಗೆದು ಅವಳಿಗೆ ಕೊಡುವ ಬದಲು ತಾವೇ ಮೂಗು ಒರೆಸಿಕೊಂಡರು. ಆಮೇಲೆ ಆ ಕಾಗದವನ್ನು ಕೇಳಿ ತೆಗೆದುಕೊಂಡು, ಓದಲು ಬಾರದಿದ್ದರೂ, ಎರಡೂ ಬದಿ ತಿರುಗಿಸಿ ನೋಡಿ, ಮಡಿಸಿ ತಮ್ಮ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡರು. "ನಿನ್ನ ಹತ್ರ ಇದ್ರೆ ಕಾಳಿನ ಹಂಡೆಗೆ ಬೀಳಿಸ್ತೀಯ," ಎಂದರು.

ಬಸ್ಸು ಹೊರಟಾಗ ಅಷ್ಟೂ ಜನ ಫೆರ್ಮಿನ್‌ನ ಮೀಸೆಯನ್ನೇ ನೋಡುತ್ತಿದ್ದರು. ಯಾರೋ ಹಿಂದಿನಿಂದ ಕತ್ತರಿಯ ಸದ್ದು ಮಾಡಿದರು.

"ತಡೀರಿ, ತಡೀರಿ!" ಎಂದು ಫೆರ್ಮಿನ್ ಒಂದು ಕೈಯಲ್ಲಿ ಸ್ಟಿಯರಿಂಗು, ಇನ್ನೊಂದರಲ್ಲಿ ಮೀಸೆ ಹಿಡಿದುಕೊಂಡ. "ಕಥೆ ಎಲ್ಲಿ ಮುಗೀತು? ಅಕ್ಕ ಕಾಲೇಜಿಗೆ ಹೋದ್ರಾ? ಇಲ್ಲ. ಮಸೂದೆ ಪಾಸಾಯ್ತಾ? ಸಮಿತೀಲಿ ಅಷ್ಟೇ. ಇದೂ ಈರುಳ್ಳಿ ಕಥೇನೇ. ಮುಗಿದ ದಿನ ನೋಡೋಣ."

ನ್ಯಾಯವಾದ ಮಾತೆಂದು ದೊನ್ ಎಲಾದಿಯೊ ತೀರ್ಪು ಕೊಟ್ಟರು. ಅವರು ಬಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಎರಡನೆಯ ತಮಾಲೆ ಡಬ್ಬಿ ತೆರೆಯಿತು. ಊರು ಮುಟ್ಟುವವರೆಗೆ ಯಾರೂ ಅವರನ್ನು ಎರಡನೇ ವರ್ಷದ ಎಲಾದಿಯೊ ಎನ್ನಲಿಲ್ಲ, ಆಮೇಲೂ ಅನ್ನಲಿಲ್ಲ.

ಮೇ ಹೋಯಿತು, ಜೂನ್ ಹೋಯಿತು. ಮಸೂದೆ ಒಂದು ಸಭೆಯಿಂದ ಇನ್ನೊಂದು ಸಭೆಗೆ ನಡೆದಷ್ಟು ನಿಧಾನ ಅಜ್ಜನ ಹೇಸರಗತ್ತೆಯೂ ನಡೆದಿರಲಿಕ್ಕಿಲ್ಲ. ಎರ್ಲಿಂದಾ ದಿನಕ್ಕೆರಡು ಸಲ ಅರ್ರಿಯೋಲಾ ಮೇಡಂಗೆ ಫೋನು ಮಾಡಿ, "ಏನಾದ್ರೂ ಗೊತ್ತಾಯ್ತಾ?" ಎಂದು ಕೇಳುತ್ತಿದ್ದಳು. ಬೇಸಿಗೆ ರಜೆಯಲ್ಲಿ ಸಂಬಳವಿಲ್ಲದಿದ್ದರೂ ಊರಿನ ಮಕ್ಕಳಿಗೆ ಊಟ ಹಾಕುವ ಕೆಲಸ ಇರುತ್ತದೆ, ಅದೊಂದು ಇಲ್ಲದಿದ್ದರೆ ಹುಚ್ಚು ಹಿಡಿಯುತ್ತಿತ್ತು. ಜುಲೈ ಕೊನೆಯ ಒಂದು ಮಧ್ಯಾಹ್ನ, ಬಡಿಸುವ ಸಾಲು ಅರ್ಧ ಆಗಿದ್ದಾಗ, ಅರ್ರಿಯೋಲಾ ಮೇಡಂ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ ಕೈಯಾಡಿಸಿ, "ಆಯ್ತು! ರಾಜ್ಯಪಾಲರ ಸಹಿ ಬಿತ್ತು!" ಎಂದು ಕೂಗಿದರು.

ಅಡುಗೆಮನೆಯ ಹೆಂಗಸರು ಸೌಟು ಎಸೆದು ಕುಣಿದರು. ಎರ್ಲಿಂದಾ ಮಾತ್ರ ಕದಲಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿದ್ದರೂ ಸೌಟು ಹಿಡಿದೇ ನಿಂತಳು. "ಇನ್ನೂ ಹನ್ನೊಂದು ಜನ ಇದಾರೆ," ಎಂದಳು. ಹನ್ನೊಂದನೆಯ ತಟ್ಟೆ ತುಂಬಿದ ಮೇಲೆ ಏಪ್ರನ್ ಬಿಚ್ಚಿ ತಲೆಯ ಮೇಲೆ ಬೀಸುತ್ತ ಅಂಗಳದಲ್ಲಿ ಮೂರು ಸುತ್ತು ಓಡಿದಳು. ಐವತ್ತೊಂದು ವರ್ಷದ ಹೆಂಗಸು ಹಾಗೆ ಓಡಿದ್ದನ್ನು ಅಲ್ಮೆಂದ್ರಾ ಹಿಂದೆ ಕಂಡಿಲ್ಲ.

ಆಗಸ್ಟಿನಲ್ಲಿ ಹೆಸರು ನೋಂದಾಯಿಸುವ ದಿನ ಫೆರ್ಮಿನ್ ತನ್ನ ಕಾರಿನಲ್ಲಿ ಅಪ್ಪ ಮಗಳನ್ನು ಕೂರಿಸಿಕೊಂಡು ಹೋದ. ಹಾಗೆ ನೋಡಿದರೆ ಎರ್ಲಿಂದಾಗೆ ಕಾರು ಓಡಿಸಲು ಬರುತ್ತದೆ. ಫೆರ್ಮಿನ್, "ಪಂದ್ಯ ನಂದು, ಕೊನೇವರೆಗೂ ನಾನೇ ಕಣ್ಣಾರೆ ನೋಡ್ಬೇಕು," ಎಂದು ಹಟ ಹಿಡಿದಿದ್ದ. ದೊನ್ ಎಲಾದಿಯೊ ಒಗೆದ ಅಂಗಿ ತೊಟ್ಟಿದ್ದರು. ಮೂವತ್ಮೂರು ವರ್ಷದ ಹಿಂದೆ ಇದ್ದ ಕಟ್ಟಡವೇ, ಕಿಟಕಿಗೆ ಹೊಸ ಗಾಜು ಬಂದಿತ್ತು. ಆಚೆ ಒಬ್ಬಳು ಎಳೆಯ ಹುಡುಗಿ ಕೂತಿದ್ದಳು, ಆ ದಿನ ನಕ್ಕವರು ನಿವೃತ್ತರಾಗಿ ಎಷ್ಟು ಕಾಲವಾಯಿತೋ.

ಸಾಲಿನಲ್ಲಿ ಮುಂದಿದ್ದವರು ಮುಗಿದರು. ಹಿಂದಿನಿಂದ ಒಬ್ಬಳು ವಿದ್ಯಾರ್ಥಿನಿ ಅವಸರವಾಗಿ ಬಂದಳು. ಎರ್ಲಿಂದಾಳ ಕಾಲು ತಾನಾಗಿಯೇ ಪಕ್ಕಕ್ಕೆ ಸರಿಯಿತು, "ನೀನು ಹೋಗಮ್ಮ ಮುಂದೆ," ಎಂಬ ಮಾತು ಬಾಯಿಗೆ ಬಂದಿತ್ತು.

ದೊನ್ ಎಲಾದಿಯೊ ಅವಳ ಮೊಣಕೈ ಹಿಡಿದರು. "ಇವತ್ತು ಬೇಡ," ಎಂದು ಕಿಟಕಿಯ ಮುಂದೆ ತಂದು ನಿಲ್ಲಿಸಿದರು. ತಮ್ಮ ಜೇಬಿನಿಂದ ಆ ಕಾಗದ ತೆಗೆದು ಗಾಜಿನ ಕೆಳಗೆ ತಳ್ಳಿದರು. ಹ್ಯಾಟು ತಲೆಯ ಮೇಲೇ ಇತ್ತು. ಅದನ್ನೊಮ್ಮೆ ಗಟ್ಟಿಯಾಗಿ ಒತ್ತಿಕೊಂಡು, ಹುಡುಗಿಯನ್ನು ನೇರವಾಗಿ ನೋಡುತ್ತ ಸ್ಪ್ಯಾನಿಷಿನಲ್ಲಿ ಹೇಳಿದರು.

"ಇವಳು ನನ್ನ ಮಗಳು. ಈ ಸಲ ಮೊದಲನೇ ವರ್ಷಕ್ಕೇ ಹಾಕ್ಕೊಳ್ಳಿ."

ಹುಡುಗಿಗೆ ಅರ್ಥವಾಗಲಿಲ್ಲ, ಎರ್ಲಿಂದಾ ಮುಖ ನೋಡಿದಳು. ಅವರ ಹಿಂದೆ ಫೆರ್ಮಿನ್ ನಿಟ್ಟುಸಿರು ಬಿಟ್ಟು ಮೀಸೆಯನ್ನು ಕೊನೆಯ ಸಲ ಸವರಿಕೊಂಡ. ಎರ್ಲಿಂದಾ ಬೆನ್ನು ನೆಟ್ಟಗೆ ಮಾಡಿ ನಿಂತು, ಅಪ್ಪ ಹೇಳಿದ್ದನ್ನು ಒಂದು ಮಾತೂ ಬಿಡದೆ, ಒಂದು ಮಾತೂ ಸೇರಿಸದೆ ಇಂಗ್ಲಿಷಿನಲ್ಲಿ ಹೇಳಿದಳು. ಈ ಸಲ ನಗಲಿಲ್ಲ.